ಹಿರಿಯರ ಟೂಲ್ ಪೆಟ್ಟಿಗೆ ಮಾರುವ ಮುಂಚೆ ಇಲ್ಲಿ ಕೇಳಿ: ಪ್ರಶ್ನೋತ್ತರ

ಅಡ್ಮಿನ್: ಮನೆಯಲ್ಲಿ ಹಿರಿಯರು ಬಿಟ್ಟುಹೋದ ಲೇತ್, ಫಿಟ್ಟಿಂಗ್ ಸಾಮಾನು ಏನು ಮಾಡೋದು ಅಂತ ತುಂಬಾ ಜನ ಕೇಳ್ತಿದ್ದೀರಿ. ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಗೇಜ್, ಅಂದರೆ ಅಳತೆ ಸಾಮಾನಿನ ವಿಭಾಗ ನೋಡಿಕೊಂಡು ನಿವೃತ್ತರಾದ ನಮ್ಮ ಇನ್‌ಸ್ಪೆಕ್ಟರ್ ಸರ್ ಈವತ್ತು ಉತ್ತರ ಕೊಡ್ತಾರೆ. ಗುರುತು, ನಂಬರ್ ಕಾಣುವ ಹಾಗೆ ಫೋಟೊ ಹಾಕಿ.

ಕುವೆಂಪುನಗರ: ನಮಸ್ಕಾರ ಸರ್. ತಂದೆಯವರ ಮೈಕ್ರೋಮೀಟರ್ ಇದು, ದಪ್ಪ ಅಳೆಯೋ ಸಾಮಾನು. ಮೇಲೆ ‘ಸೋಮೆಟ್, ಮೇಡ್ ಇನ್ ಚೆಕೊಸ್ಲೊವಾಕಿಯಾ’ ಅಂತಿದೆ. ಗುಜರಿಯವರು ಹಳೇ ಕಬ್ಬಿಣ ಅಂತ ಹೇಳಿ ಹೋದರು.

ಇನ್‌ಸ್ಪೆಕ್ಟರ್: ನಮಸ್ಕಾರ. ಕಬ್ಬಿಣ ಅಂದವರ ಕೈಗೆ ಕೊಡಬೇಡಿ. ಸೋಮೆಟ್ ಒಳ್ಳೆಯ ಚೆಕ್ ಹೆಸರು. ಆ ದೇಶ 1993ರ ಜನವರಿ 1ಕ್ಕೆ ಎರಡಾಯಿತು, ಆದ್ದರಿಂದ ನಿಮ್ಮದು ಅದಕ್ಕಿಂತ ಹಿಂದಿನದು. ‘ವೆಸ್ಟ್ ಜರ್ಮನಿ’, ‘ಯುಎಸ್‌ಎಸ್‌ಆರ್’ ಅಂತ ಬರೆದಿದ್ದರೂ ಹೀಗೇ ಕಾಲ ಅಂದಾಜು ಮಾಡಬಹುದು. ಈಗ ಅಳೆಯುವ ಎರಡೂ ಮುಖಗಳ ನಡುವೆ ಒಂದು ಬಿಳಿ ಹಾಳೆ ಸಿಕ್ಕಿಸಿ, ಮೆಲ್ಲಗೆ ಎಳೆದು ಒರೆಸಿ. ಆಮೇಲೆ ಹಿಂದಿನ ತುದಿಯ ಸಣ್ಣ ಗುಬ್ಬಿ, ಅಂದರೆ ರ‍್ಯಾಚೆಟ್ ಹಿಡಿದು ಮುಚ್ಚಿ. ಸೊನ್ನೆಗೆ ಸೊನ್ನೆ ಕೂತರೆ ಸಂತೋಷ. ಒಂದೆರಡು ಗೀಟು ಆಚೀಚೆ ಇದ್ದರೂ ಗಾಬರಿ ಬೇಡ, ಪೆಟ್ಟಿಗೆಯಲ್ಲಿರುವ ಸಣ್ಣ ಕೀಲಿಯಿಂದ ಸರಿಪಡಿಸಬಹುದು. ಪೂರ್ತಿ ತಿರುಗಿಸಿ ತೆರೆಯುವಾಗ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಅನ್ನಿಸಿದರೆ ಮಾತ್ರ ಸ್ಕ್ರೂ ಸವೆದಿದೆ ಅಂತ ಅರ್ಥ, ಆಗ ಬೆಲೆ ಬಿತ್ತು. ಪೆಟ್ಟಿಗೆ, ಕೀಲಿ ಬೇರೆ ಮಾಡಬೇಡಿ.

ಯಾದವಗಿರಿ: ಚೆಕ್ ಅಂದ್ರೆ ನಮ್ಮ ಮೈಸೂರಿನ ಜಾವಾ ಬೈಕ್ ಫ್ಯಾಕ್ಟರಿ ಕಾಲದ್ದೇ ಸರ್!

ಇನ್‌ಸ್ಪೆಕ್ಟರ್: ಇರಬಹುದು. ಮೇಲಿರುವ ಹೆಸರೊಂದನ್ನೇ ನೋಡಿ ಹಾಗೆ ಹೇಳೋಕಾಗಲ್ಲ. ಮಾರುವಾಗ ಹಾಗೆ ಬರೆಯಲೂ ಬೇಡಿ.

ಪಾಂಡವಪುರ: ಸಾ, ನಮ್ಮಪ್ಪ ಟರ್ನರ್ ಆಗಿದ್ರು. ಒಂದ್ ಚೀಲದ್ ತುಂಬಾ ಲೇತಿಗ್ ಹಾಕೋ ಬಿಟ್ಗಳು, ಡ್ರಿಲ್ಲು, ಥ್ರೆಡ್ ಕೊರೆಯೋ ಟ್ಯಾಪು ಅವೆ. ಎಲ್ಲಾ ಸೇರ್ಸಿ ಕೆಜಿ ಲೆಕ್ಕದಲ್ ತಗೋತೀನಿ ಅಂತವ್ನೆ ಗುಜರಿಯೋನು. ಕೊಟ್ಬುಡ್ಲಾ?

ಇನ್‌ಸ್ಪೆಕ್ಟರ್: ಬೇಡಪ್ಪ. ಕಾರ್ಬೈಡ್, ಹೈಸ್ಪೀಡ್ ಸ್ಟೀಲ್, ಮಾಮೂಲಿ ಸ್ಟೀಲ್, ಮೂರು ಗುಡ್ಡೆ ಮಾಡು. ಕಾರ್ಬೈಡ್ ಅದೇ ಗಾತ್ರದ ಸ್ಟೀಲಿಗಿಂತ ಹೆಚ್ಚುಕಮ್ಮಿ ಎರಡರಷ್ಟು ತೂಕ, ಕೈಗೇ ಗೊತ್ತಾಗುತ್ತೆ. ಹೈಸ್ಪೀಡ್ ಬಿಟ್ಟಿನ ಮೇಲೆ ಎಚ್‌ಎಸ್‌ಎಸ್, ಎಂ2, ಎಂ35, ಎಂ42 ಅಂತ ಕೊರೆದಿರುತ್ತೆ. ಎಂ35ರಲ್ಲಿ ಸುಮಾರು 5, ಎಂ42ರಲ್ಲಿ 8 ಪರ್ಸೆಂಟ್ ಕೋಬಾಲ್ಟ್ ಇದೆ. ಗುರುತು ಅಳಿಸಿದ್ದರೆ ಗ್ರೈಂಡರಿಗೆ ತಾಗಿಸು. ಮಾಮೂಲಿ ಕಾರ್ಬನ್ ಸ್ಟೀಲಿಗೆ ಬಿಳಿ ಕಿಡಿ ಸುರುಸುರು ಬತ್ತಿಯ ಹಾಗೆ ಸಿಡಿಯುತ್ತೆ, ಹೈಸ್ಪೀಡಿಗೆ ಮಬ್ಬು ಕೆಂಪು ಕಿಡಿ. ಕನ್ನಡಕ ಹಾಕ್ಕೊಂಡು ಮಾಡು. ಗುಜರಿಗೇ ಹಾಕಿದರೂ ಕಾರ್ಬೈಡಿನ ರೇಟು ಕಬ್ಬಿಣದ ಎಷ್ಟೋ ಪಟ್ಟು. ಮೊನೆ ಚೆನ್ನಾಗಿರುವ ಡ್ರಿಲ್ಲು, ಟ್ಯಾಪು ಗುಜರಿಗೆ ಬೇಡವೇ ಬೇಡ, ವರ್ಕ್‌ಶಾಪಿನವರು ತಗೋತಾರೆ.

ಶ್ರೀರಂಗಪಟ್ಟಣ: ಸರ್ ವರ್ನಿಯರ್ ಇದೆ. ಎಷ್ಟು ಸಿಗುತ್ತೆ?

ಇನ್‌ಸ್ಪೆಕ್ಟರ್: ಫೋಟೊ.

ವಿಜಯನಗರ 2ನೇ ಹಂತ: ಮಿಟುಟೊಯೊ ಡಯಲ್ ಗೇಜ್ ರೇಟ್ ಹೇಳಿ ಸರ್.

ಇನ್‌ಸ್ಪೆಕ್ಟರ್: ಆ ಹೆಸರಿನಲ್ಲಿ ನಕಲಿಯೂ ಬಂದಿದೆ. ಮುಂದೆ, ಹಿಂದೆ ಎರಡೂ ಫೋಟೊ.

ಕೆ.ಆರ್. ಪೇಟೆ: ಕಿರ್ಲೋಸ್ಕರ್ ಎಂಟರ್‌ಪ್ರೈಸ್ ಲೇತ್ ಇದೆ ಸರ್, ಆರೂವರೆ ಅಡಿ ಬೆಡ್ಡು. ಯಾರನ್ನ ಕೇಳಬೇಕು?

ಮಂಡ್ಯ, ಗುತ್ತಲು: ಸರ್, ನಮ್ಮ ಮಾವನವರು ಮನೆ ಹಿಂದೆಯೇ ಸಣ್ಣ ವರ್ಕ್‌ಶಾಪ್ ಇಟ್ಟಿದ್ದರು, ಹೋದ ವರ್ಷ ತೀರಿಕೊಂಡರು. ಅವರ ಪೆಟ್ಟಿಗೆ ಈಗ ತೆಗೆದಿದ್ದೇವೆ. ಮರದ ಡಬ್ಬಿಯಲ್ಲಿ ಸಾಲಾಗಿ ಕನ್ನಡಿ ಥರ ಹೊಳೆಯುವ ಸ್ಟೀಲ್ ಬಿಲ್ಲೆಗಳಿವೆ, 1.001, 1.002 ಅಂತ ನಂಬರ್ ಇದೆ. ಕೆಲವಕ್ಕೆ ತುಕ್ಕು. ಯಜಮಾನರ ಸ್ನೇಹಿತರು ಒಂದು ಮೆಸೇಜ್ ಕಳಿಸಿದ್ದಾರೆ: ಹುಣಸೆಹಣ್ಣಿನ ನೀರಿಗೆ ಬಾತ್‌ರೂಮ್ ಆಸಿಡ್ ಬೆರೆಸಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಎಮರಿ ಕಾಗದ ಹೊಡೆದರೆ ಹೊಸದಾಗುತ್ತೆ ಅಂತ. ಮಾಡಬಹುದಾ? ಅದೇ ಪೆಟ್ಟಿಗೆಯ ತಳದಲ್ಲಿ ಒಂದು ತಗಡಿನ ಡಬ್ಬಿಯೂ ಇದೆ, ಮುಚ್ಚಳ ತುಕ್ಕು ಹಿಡಿದಿದೆ. ಸಂದಿಯಲ್ಲಿ ಬಿಳಿ ಉಪ್ಪಿನ ಗಟ್ಟಿ ಕಾಣುತ್ತೆ. ಚೀಟಿಯಲ್ಲಿ ‘ಹಾರ್ಡನಿಂಗ್’ ಅನ್ನೋದಷ್ಟೇ ಓದೋಕೆ ಬರುತ್ತೆ.

ಇನ್‌ಸ್ಪೆಕ್ಟರ್: ಅಮ್ಮಾ, ಬಿಲ್ಲೆಗಳ ಮಾತು ಆಮೇಲೆ. ಮೊದಲು ಆ ಡಬ್ಬಿ. ಮುಟ್ಟಬೇಡಿ, ಮುಚ್ಚಳ ತೆಗೆಯಬೇಡಿ, ಮೂಸಿ ನೋಡಬೇಡಿ. ಹಿಂದೆ ಸಣ್ಣ ವರ್ಕ್‌ಶಾಪುಗಳಲ್ಲಿ ಮೆದು ಉಕ್ಕಿನ ಮೇಲ್ಮೈ ಗಟ್ಟಿ ಮಾಡೋಕೆ ಸಯನೈಡ್ ಉಪ್ಪು ಬಳಸುತ್ತಿದ್ದರು. ಹಾರ್ಡನಿಂಗ್ ಪುಡಿಯೆಲ್ಲ ಸಯನೈಡ್ ಅಲ್ಲ, ಇದ್ದಿಲು ಆಧಾರದ್ದೂ ಇತ್ತು. ಆದರೆ ನಿಮ್ಮದು ಬಿಳಿ ಗಟ್ಟಿ. ಪರೀಕ್ಷೆ ಆಗುವ ತನಕ ಸಯನೈಡ್ ಅಂತಲೇ ನಡೆದುಕೊಳ್ಳಬೇಕು.

ಆ ಉಪ್ಪಿಗೆ ಆಸಿಡ್ ತಾಗಿದರೆ ಹೈಡ್ರೋಜನ್ ಸಯನೈಡ್ ಅನ್ನುವ ವಿಷದ ಗಾಳಿ ಏಳುತ್ತೆ. ಬಾತ್‌ರೂಮ್ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಸಿಡ್. ಹುಣಸೆ, ನಿಂಬೆ, ವಿನಿಗರ್ ಕೂಡ ಆಸಿಡ್ಡೇ. ಮುಚ್ಚಿದ ಕೋಣೆಯಲ್ಲಿ ಆ ಗಾಳಿ ನಿಮಿಷಗಳಲ್ಲಿ ಜೀವ ತೆಗೆಯುತ್ತೆ. ಕಹಿ ಬಾದಾಮಿ ವಾಸನೆ ಬರುತ್ತೆ ಅಂತಾರೆ, ಎಷ್ಟೋ ಜನರ ಮೂಗಿಗೆ ಅದು ಗೊತ್ತೇ ಆಗಲ್ಲ. ಮೆಸೇಜ್ ಕಳಿಸಿದವರಿಗೆ ಪೆಟ್ಟಿಗೆಯ ತಳದಲ್ಲಿ ಏನಿದೆ ಅಂತ ಗೊತ್ತಿತ್ತಾ?

ಕಿಟಕಿ ಬಾಗಿಲು ತೆರೆದಿಟ್ಟು ಮಕ್ಕಳನ್ನ ಆಚೆ ಕಳಿಸಿ, ನೀವೂ ಬನ್ನಿ. ಡಬ್ಬಿ ಇದ್ದಲ್ಲೇ ಇರಲಿ, ನೀರು ತಾಗಕೂಡದು. ಮೋರಿಗೆ ಸುರಿಯೋದು, ಕಸದ ಗಾಡಿಗೆ ಹಾಕೋದು, ಹೂಳೋದು ಯಾವುದೂ ಬೇಡ. 112ಕ್ಕೆ ಫೋನ್ ಮಾಡಿ, ಅಗ್ನಿಶಾಮಕದವರು ಬೇಕು, ಸಯನೈಡ್ ಅನುಮಾನ ಇದೆ ಅಂತ ಅದೇ ಪದ ಹೇಳಿ. ವಿಲೇವಾರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯವರಿಗೂ ತಿಳಿಸಬೇಕು. ಮುಟ್ಟಿದ್ದರೆ ಸೋಪು ಹಾಕಿ ಕೈ ತೊಳೆಯಿರಿ. ಯಾರಿಗಾದರೂ ತಲೆ ಸುತ್ತು, ಉಸಿರಾಟದ ತೊಂದರೆ ಬಂದರೆ ತಡಮಾಡದೆ 108. ಫೋನ್ ಮಾಡಿದ ಮೇಲೆ ಇಲ್ಲೊಂದು ಮಾತು ಹಾಕಿ.

ಬೋಗಾದಿ: ತುಕ್ಕಿಗೆ ಕೋಲಾ ಬೆಸ್ಟ್ ಸರ್. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ವಿಡಿಯೊ ಬಂದಿದೆ, ಹಾಕ್ಲಾ?

ಇನ್‌ಸ್ಪೆಕ್ಟರ್: ಬೇಡ. ಕೋಲಾದಲ್ಲೂ ಆಸಿಡ್ ಇದೆ. ಮೇಲೆ ಬರೆದದ್ದು ಓದಿದಿರಾ?

ಹೂಟಗಳ್ಳಿ: ಅದಿರಲಿ, ಆ ಬಿಲ್ಲೆಗಳು, ಅಂದ್ರೆ ಸ್ಲಿಪ್ ಗೇಜ್ ಸೆಟ್, ಮನೆ ಹಿಂದಿನ ವರ್ಕ್‌ಶಾಪಿನಲ್ಲಿ ಏನು ಮಾಡ್ತಿತ್ತು? ಕಂಪನಿ ನಂಬರ್ ಕೊರೆದಿದೆಯಾ ನೋಡ್ಕೊಳ್ಳಿ. ಎಷ್ಟೋ ಸೆಟ್ಟು ಫ್ಯಾಕ್ಟರಿ ಗೇಟ್ ದಾಟಿರೋದು ಊಟದ ಡಬ್ಬಿಯಲ್ಲಿ.

ಪಾಂಡವಪುರ: ಯೋವ್, ಸತ್ತೋರ್ ಮೇಲೆ ಕಳ್ತನ ಹೊರಿಸ್ತೀಯಲ್ಲ, ನಿಂಗೇನ್ ಗೊತ್ತು? ನಮ್ಮಪ್ಪ ಕೂಲಿ ದುಡ್ಡಲ್ಲಿ ಒಂದೊಂದೇ ತಗಂಡಿದ್ದು.

ಹೂಟಗಳ್ಳಿ: ನಿಮ್ಮಪ್ಪನ ವಿಷಯ ನಾನು ಎತ್ತಿಲ್ಲ. ಮಾತು ಹಿಡಿತದಲ್ಲಿರಲಿ.

ಯಾದವಗಿರಿ: ಫ್ಯಾಕ್ಟರಿಗಳು ಮುಚ್ಚಿದಾಗ ಹರಾಜಿನಲ್ಲಿ ತಗೊಂಡವರೂ ಇದ್ದಾರೆ ಸ್ವಾಮಿ. ನಂಬರ್ ಇದ್ದ ಮಾತ್ರಕ್ಕೆ ಕಳ್ಳಮಾಲು ಆಗಲ್ಲ.

ಹೂಟಗಳ್ಳಿ: ಹಾಗಾದ್ರೆ ಹರಾಜಿನ ರಸೀದಿ ತೋರಿಸಲಿ. ಇಂಚಿನ ಅಳತೆಯ ಸಾಮಾನಾದ್ರೆ ಹೇಗೂ ಯಾರೂ ಮುಟ್ಟಲ್ಲ.

ಮದ್ದೂರು: ಯಾರು ಹೇಳಿದ್ದು? ನಮ್ಮ ಆಲೆಮನೆ ಗಾಣಕ್ಕೆ ಈಗಲೂ ಇಂಚಿನ ಬೋಲ್ಟೇ. ವಿಟ್‌ವರ್ತ್ ಅನ್ನೋ ಇಂಚಿನ ಟ್ಯಾಪು ಇದ್ರೆ ನಾನೇ ತಗೋತೀನಿ.

ಇನ್‌ಸ್ಪೆಕ್ಟರ್: ಮದ್ದೂರಿನವರು ಹೇಳಿದ್ದು ಸರಿ. ನಲ್ಲಿ ಪೈಪಿನ ಬಿಎಸ್‌ಪಿ ಥ್ರೆಡ್ಡೂ ಇಂಚಿನ ಲೆಕ್ಕದ್ದೇ, ಅದನ್ನ ಕೊರೆಯುವ ಟ್ಯಾಪು, ಡೈಗೆ ಗಿರಾಕಿ ಇದ್ದೇ ಇದ್ದಾರೆ. ಕಂಪನಿ ನಂಬರ್ ಇದ್ದರೆ ಅಳಿಸಬೇಡಿ, ಕೊಳ್ಳುವವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಉಳಿದ ಜಗಳ ಬೇರೆ ಕಡೆ ಮಾಡಿಕೊಳ್ಳಿ. ಇಲ್ಲೊಂದು ಮನೆಯಲ್ಲಿ ವಿಷ ಇದೆ, ನಾನು ಅವರ ಉತ್ತರಕ್ಕೆ ಕಾಯ್ತಿದ್ದೀನಿ.

ಶ್ರೀರಂಗಪಟ್ಟಣ: ಸರ್ ವರ್ನಿಯರ್ ಎಷ್ಟು ಸಿಗುತ್ತೆ?

ಇನ್‌ಸ್ಪೆಕ್ಟರ್: ಫೋಟೊ ಇಲ್ಲದೆ ಬೆಲೆ ಇಲ್ಲ. ಇನ್ನು ಈ ಪ್ರಶ್ನೆಗೆ ಉತ್ತರ ಕೊಡಲ್ಲ.

ಮಂಡ್ಯ, ಗುತ್ತಲು: ಸರ್, ಫೋನ್ ಮಾಡಿದ್ವಿ. ಅಗ್ನಿಶಾಮಕದವರು ಬಂದು ಡಬ್ಬಿಯನ್ನ ಇನ್ನೊಂದು ಡಬ್ಬಕ್ಕೆ ಹಾಕಿ, ಮುಚ್ಚಿ ತಗೊಂಡು ಹೋದರು. ಎಲ್ಲರೂ ಚೆನ್ನಾಗಿದ್ದೀವಿ. ನಿನ್ನೆ ಮಗ ನಾಲ್ಕು ಬಿಲ್ಲೆಗೆ ಎಮರಿ ಹೊಡೆದುಬಿಟ್ಟಿದ್ದಾನೆ.

ಇನ್‌ಸ್ಪೆಕ್ಟರ್: ಒಳ್ಳೆಯದಾಯಿತಮ್ಮ, ಮನಸ್ಸಿಗೆ ನಿರಾಳ ಆಯಿತು. ಆ ಮರದ ಡಬ್ಬಿಯನ್ನೂ ಕೈಗವಸು ಹಾಕಿಕೊಂಡೇ ಮುಟ್ಟಿ. ಇನ್ನು ಬಿಲ್ಲೆಗಳು. ಅವು ಸ್ಲಿಪ್ ಗೇಜ್. ಉಳಿದ ಅಳತೆ ಸಾಮಾನು ಸರಿಯಿದೆಯೋ ಇಲ್ಲವೋ ಅಂತ ನೋಡೋದು ಇವುಗಳಿಂದ. 0 ದರ್ಜೆಯ 10 ಮಿಲಿಮೀಟರ್ ಬಿಲ್ಲೆಯ ಅಳತೆ ಆಚೀಚೆ ಆಗಬಹುದಾದದ್ದು 0.12 ಮೈಕ್ರಾನ್ ಮಾತ್ರ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಎಮರಿ ಒಂದು ಸಲ ಎಳೆದರೆ ಅದಕ್ಕಿಂತ ಹೆಚ್ಚು ಕಿತ್ತು ಬರುತ್ತೆ. ಆ ನಾಲ್ಕು ಹೋದವು, ಬೇರೆ ಇಡಿ. ಮಗನನ್ನ ಬೈಯಬೇಡಿ, ದೊಡ್ಡವರು ಕಳಿಸಿದ್ದನ್ನ ನಂಬಿದ್ದಾನೆ.

ಮುಚ್ಚಳದ ಒಳಗಿನ ಪಟ್ಟಿ ನೋಡಿ ಎಣಿಸಿ. 87 ಬಿಲ್ಲೆಗಳ ಸೆಟ್ಟಿನಲ್ಲಿ 1.001ರಿಂದ 1.009ರವರೆಗೆ ಒಂಬತ್ತು, 1.01ರಿಂದ 1.49ರವರೆಗೆ ನಲವತ್ತೊಂಬತ್ತು, 0.5ರಿಂದ 9.5ರವರೆಗೆ ಅರ್ಧರ್ಧ ಮಿಲಿಮೀಟರಿನ ಹತ್ತೊಂಬತ್ತು, ಕೊನೆಯ ಸಾಲಿನಲ್ಲಿ 10ರಿಂದ 100ರವರೆಗೆ ಹತ್ತು ಹತ್ತು ಮಿಲಿಮೀಟರ್ ಏರುವ ಹತ್ತು ದೊಡ್ಡವು ಇರಬೇಕು. 112 ಬಿಲ್ಲೆಗಳ ಸೆಟ್ಟೂ ಇದೆ. ಡಬ್ಬಿಯ ನಂಬರು, ಬಿಲ್ಲೆಯ ನಂಬರು, ಕ್ಯಾಲಿಬ್ರೇಷನ್, ಅಂದರೆ ಅಳತೆ ಪರೀಕ್ಷೆ ಮಾಡಿಸಿದ ಕಾಗದದ ನಂಬರು ಮೂರೂ ಒಂದೇ ಆದರೆ ಬೆಲೆ ಬೇರೆಯೇ. ಕಾಗದ ಡಬ್ಬಿಯ ತಳದ ಬಟ್ಟೆಯ ಕೆಳಗೆ ಇರಬಹುದು. ಬರಿಗೈ ಬೆವರಿಗೂ ತುಕ್ಕು ಹಿಡಿಯುತ್ತೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿ ತೆಳ್ಳಗೆ ವ್ಯಾಸಲೀನ್ ಸವರಿ ಇಡಿ, ತುಕ್ಕನ್ನ ಕೆರೆಯಬೇಡಿ. ತುಕ್ಕು ಅಂಚಿನಲ್ಲಿದೆಯೋ ಹೊಳೆಯುವ ಮುಖದಲ್ಲಿದೆಯೋ ಫೋಟೊ ಕಳಿಸಿ, ಬೆಲೆಯ ಮಾತು ಅದನ್ನ ನೋಡಿದ ಮೇಲೆ. ಅಲ್ಲಿಯವರೆಗೆ ಮನೆ ಬಾಗಿಲಿಗೆ ಬಂದು ಯಾರು ಎಷ್ಟು ಕೊಡ್ತೀನಿ ಅಂದರೂ ಕೊಡಬೇಡಿ.

ಮಂಡ್ಯ, ಗುತ್ತಲು: ಆಯ್ತು ಸರ್. ತುಂಬಾ ಉಪಕಾರ ಆಯಿತು. ನಾಳೆ ಬೆಳಕಿನಲ್ಲಿ ತೆಗೆದು ಕಳಿಸ್ತೀನಿ.

ಬೋಗಾದಿ: ಹಾಗಾದ್ರೆ ತುಕ್ಕಿಗೆ ಸೀಮೆಎಣ್ಣೆ ನಡೆಯುತ್ತಾ ಸರ್?

ಇನ್‌ಸ್ಪೆಕ್ಟರ್: ಸ್ಪ್ಯಾನರ್, ವೈಸಿಗೆ ನಡೆಯುತ್ತೆ. ಅಳತೆ ಸಾಮಾನಿಗೆ ನೀವು ಏನೂ ಮಾಡಬೇಡಿ.

ಕೆ.ಆರ್. ಪೇಟೆ: ಸರ್, ನನ್ನ ಲೇತ್ ವಿಷಯ?