ನಮ್ಮ ಹೆಸರಲ್ಲಿ ಬೇರೆ ಯಾರೋ ವೋಟ್ ಹಾಕಿಬಿಟ್ಟಿದ್ರೆ?

ಅಡಿಕೆತೋಟ:
ಪ್ರತಿ ಚುನಾವಣೆಗೂ ಈ ವಾಟ್ಸಾಪ್ ಮೆಸೇಜ್ ತಪ್ಪದೆ ಬರುತ್ತೆ: ಪಟ್ಟಿಯಲ್ಲಿ ಹೆಸರಿಲ್ಲದಿದ್ರೆ ಆಧಾರ್ ತೋರಿಸಿ ‘ಚಾಲೆಂಜ್ ವೋಟ್’ ಕೇಳಿ, ನಿಮ್ಮ ವೋಟ್ ಯಾರೋ ಹಾಕಿದ್ರೆ ‘ಟೆಂಡರ್ ವೋಟ್’ ಕೇಳಿ, ಅಂಥವು ಶೇ 14 ದಾಟಿದ್ರೆ ಮರುಮತದಾನ. ಎಷ್ಟು ನಿಜ? ಬೂತಲ್ಲಿ ಯಾರನ್ನ, ಏನಂತ ಕೇಳ್ಬೇಕು?

ಬೂತ್‌ಡ್ಯೂಟಿ:
ಟೆಂಡರ್ ವೋಟ್ ಒಂದೇ ನಿಜ. 1961ರ ಚುನಾವಣಾ ನಿಯಮಗಳಲ್ಲಿ 49ಪಿ.

ಪಟ್ಟಿ ಹಿಡಿದ ಮೊದಲನೇ ಅಧಿಕಾರಿ ‘ನಿಮ್ದು ಆಗಿದೆ’ ಅಂದ್ರೆ ಹೊರಗೆ ಬರಬೇಡಿ, ಅವರ ಹತ್ತಿರ ವಾದವೂ ಬೇಡ. ಅಧ್ಯಕ್ಷಾಧಿಕಾರಿಯನ್ನ ಕೇಳಿ, ತೀರ್ಮಾನ ಅವರದ್ದೇ. ನೀವು ಯಾರು ಅಂತ ಖಚಿತ ಮಾಡ್ಕೊಳ್ಳೋಕೆ ಪ್ರಶ್ನೆ ಕೇಳ್ತಾರೆ. ಉತ್ತರ ಒಪ್ಪಿಗೆಯಾದ್ರೆ ನಮೂನೆ 17ಬಿಯಲ್ಲಿ ಸಹಿ ಮಾಡಿಸಿ ಕಾಗದದ ಮತಪತ್ರ ಕೊಡ್ತಾರೆ. ಚಿಹ್ನೆಯ ಮೇಲೆ ಅವರೇ ಕೊಟ್ಟ ಸೀಲಿನಿಂದ ಗುರುತು ಒತ್ತಿ, ಮಡಚಿ, ಅವರ ಕೈಗೇ ಕೊಡಬೇಕು. ಬೇರೆ ಲಕೋಟೆಗೆ ಹಾಕ್ತಾರೆ.

ಜಗಳ ಹತ್ತೋದು ಇಲ್ಲೇ. ‘ನನಗೆ ಮಷಿನ್ನೇ ಬೇಕು’ ಅಂತ ಪಟ್ಟು ಹಿಡೀತಾರೆ. ಬಟನ್ ಸಿಗಲ್ಲ, ಆ ಕ್ರಮ ಸಂಖ್ಯೆಯ ವೋಟ್ ಅದರೊಳಗೆ ಹೋಗಾಗಿದೆ.

ಕ್ರಮಸಂಖ್ಯೆ:
ಅದಕ್ಕೂ ಮುಂಚೆ 17ಎ ರಿಜಿಸ್ಟರ್ ನೋಡೋಕೆ ಹೇಳಿ. ಮತದಾರರ ಪಟ್ಟಿಯ ಒಂದೇ ಪುಟದಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ರೆ, ವೋಟ್ ಹಾಕೋಕೆ ಬಂದವರ ಹೆಸರಿಗೆ ಎಳೆಯೋ ಕೆಂಪು ಗೆರೆ ಪಕ್ಕದವರಿಗೆ ಬಿದ್ದಿರಬಹುದು. ವೋಟ್ ಹಾಕಿದವರ ಕ್ರಮ ಸಂಖ್ಯೆ, ಸಹಿ ಅಥವಾ ಹೆಬ್ಬೆಟ್ಟು 17ಎಯಲ್ಲಿ ಇರುತ್ತೆ. ಅಲ್ಲಿ ನಿಮ್ಮ ಸಂಖ್ಯೆ ಇಲ್ಲ ಅಂದ್ರೆ ಅದು ಗೆರೆ ಎಳೆದವರ ಕೈತಪ್ಪು. ಟೆಂಡರ್ ಅಲ್ಲ, ಮಷಿನ್ನಲ್ಲೇ ವೋಟ್ ಕೇಳಿ. ಸಂಜೆ ನೂಕುನುಗ್ಗಲಲ್ಲಿ ರಿಜಿಸ್ಟರ್ ತಿರುವಿಸೋದು ಕಷ್ಟ, ಬೆಳಿಗ್ಗೆಯೇ ಹೋಗೋದು ವಾಸಿ.

ಅಡಿಕೆತೋಟ:
ಲಕೋಟೆಗೆ ಹೋದದ್ದನ್ನ ಎಣಿಸ್ತಾರಾ?

ಬೂತ್‌ಡ್ಯೂಟಿ:
ಇಲ್ಲ. ಎಣಿಕೆ ದಿನ ಆ ಲಕೋಟೆ ತೆರೆಯೋದೇ ಇಲ್ಲ. ಸೋತವರು ಹೈಕೋರ್ಟಿಗೆ ಹೋದಾಗ ಅದಕ್ಕೆ ಬೆಲೆ ಬರುತ್ತೆ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ 1 ಮತದಿಂದ ಸೋತ್ರು. ಟೆಂಡರ್ ವೋಟ್ ವಿಚಾರ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ನಮ್ಮಲ್ಲೂ 2004ರಲ್ಲಿ ಸಂತೇಮರಹಳ್ಳಿಯ ಅಂತರ ಅಷ್ಟೇ, 1 ಮತ.

ಕ್ರಮಸಂಖ್ಯೆ:
ಶೇ 14 ಅನ್ನೋದು ಯಾವ ನಿಯಮದಲ್ಲೂ ಇಲ್ಲ. ಚಾಲೆಂಜ್ ಮಾಡೋದು ಮತದಾರನಲ್ಲ, ಪಾರ್ಟಿ ಏಜೆಂಟ್: ‘ಈತ ಆ ವ್ಯಕ್ತಿಯೇ ಅಲ್ಲ’ ಅಂತ 2 ರೂಪಾಯಿ ಠೇವಣಿ ಇಟ್ಟು. ವಿಚಾರಣೆಯಲ್ಲಿ ಅದು ಸಾಬೀತಾಗದಿದ್ರೆ ನೀವು ಮಷಿನ್ನಲ್ಲೇ ವೋಟ್ ಹಾಕ್ತೀರಿ.

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ರೆ ಯಾವ ಕಾರ್ಡ್ ತೋರಿಸಿದ್ರೂ ಆಗಲ್ಲ. ನಾಮಪತ್ರದ ಕೊನೆ ದಿನ ದಾಟಿದ ಮೇಲೆ ಆ ಚುನಾವಣೆಗೆ ಹೆಸರು ಸೇರಿಸೋಕೂ ಬರಲ್ಲ. ವೋಟರ್ ಐಡಿ ಕೈಲಿದೆ ಅಂತ ಸುಮ್ನಿರಬೇಡಿ, ಅದಕ್ಕೆ ಸಾಕಷ್ಟು ಮುಂಚೆಯೇ ಪಟ್ಟಿ ನೋಡಿ, ಇಲ್ಲದಿದ್ರೆ ನಮೂನೆ 6 ಕೊಡಿ.