ಸಹಾಯ ಬೇಕು: ಮಣ್ಣಿನಡಿಯ ಪಂಪ್ ಕೇಬಲಿನಲ್ಲಿ ದೋಷ ಎಲ್ಲಿದೆ ಎಂದು ಅಗೆಯದೆ ತಿಳಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಮನೆಯ ಸ್ಟಾರ್ಟರಿನಿಂದ ಕೆರೆಯ ಪಂಪಿಗೆ ಸುಮಾರು 200 ಮೀಟರ್ ಮೂರು ಕೋರಿನ (ಒಳಗೆ ಮೂರು ತಂತಿ ಇರುವ) ತಾಮ್ರದ ಕೇಬಲ್ (2.5 ಚದರ ಮಿ.ಮೀ.) ಮಣ್ಣಿನಡಿ ಪೈಪಿನೊಳಗೆ ಹೋಗಿದೆ. ಪಂಪ್ ಒಮ್ಮೆ ಓಡುತ್ತದೆ, ಒಮ್ಮೆ ಗುಂಯ್ ಎಂದು ನಿಲ್ಲುತ್ತದೆ. ಬೇರೆ ವಯರ್ ಕೊಟ್ಟರೆ ಸರಿಯಾಗಿ ಓಡುವುದರಿಂದ ಸಂಶಯ ಕೇಬಲಿನ ಮೇಲೆಯೇ.

ಮೈನ್ ಆಫ್ ಮಾಡಿ, ಫ್ಯೂಸ್ ಕಿತ್ತು, ಎರಡೂ ತುದಿ ಬಿಡಿಸಿ ಪರೀಕ್ಷೆ ಮಾಡಿದೆವು. ಕೆರೆಯ ಕಡೆ ಎರಡೆರಡು ಕೋರ್ ಸೇರಿಸಿ ತಿರುಚಿ, ಮನೆಯ ಕಡೆ ಮಲ್ಟಿಮೀಟರ್ ಹಿಡಿದರೆ ಎಲ್ಲದಕ್ಕೂ ಬೀಪ್ ಬರುತ್ತದೆ. ಆದರೆ ಬೀಪ್ ನಂಬುವ ಹಾಗಿಲ್ಲ, ಹತ್ತಿಪ್ಪತ್ತು ಓಮ್ ತಡೆ (ರೆಸಿಸ್ಟೆನ್ಸ್) ಇದ್ದರೂ ಹೆಚ್ಚಿನ ಮೀಟರ್ ಕೂಗುತ್ತವೆ. ಈ ಕೇಬಲಿಗೆ ಹೋಗಿ ಬರುವ ದಾರಿ ಸೇರಿ 3 ಓಮ್ ಬರಬೇಕು. ಕೆಂಪು-ನೀಲಿ ಅಷ್ಟೇ ಇದೆ. ಹಳದಿ ಸೇರಿದ ಕೂಡಲೇ ಅಂಕೆ 14ಕ್ಕೆ ಏರುತ್ತದೆ, ಕೇಬಲ್ ಸ್ವಲ್ಪ ಎಳೆದರೆ ಮತ್ತೆ ಇಳಿಯುತ್ತದೆ. ನಡುವೆ ಎಲ್ಲೋ ಹಳೆಯ ಜಾಯಿಂಟ್ ಸಡಿಲಾಗಿರಬೇಕು. ಹಾಕಿಸಿದ ಅಪ್ಪ ಈಗಿಲ್ಲ, ಜಾಗ ಯಾರಿಗೂ ಗೊತ್ತಿಲ್ಲ.

ಪೂರ್ತಿ ಅಗೆದರೆ ಅಡಿಕೆ ಮರದ ಬೇರು ಹಾಳು. ಪೂರ್ತಿ ತುಂಡಾಗದ ಇಂಥ ಜಾಯಿಂಟಿಗೆ ಕೇಬಲ್ ಟ್ರೇಸರ್ (ಮಣ್ಣಿನಡಿಯ ಕೇಬಲನ್ನು ಮೇಲಿನಿಂದಲೇ ಹುಡುಕುವ ಸಾಧನ) ಉಪಯೋಗಕ್ಕೆ ಬರುತ್ತದೆಯೇ? ಒದ್ದೆ ಮಣ್ಣಿಗೆ ಕರೆಂಟ್ ಸೋರುತ್ತಿದೆಯೇ ಎಂದೂ ನೋಡಬೇಕು, ಅದು ಮಲ್ಟಿಮೀಟರಿನ ಸಣ್ಣ ಬ್ಯಾಟರಿಗೆ ಸಿಗುವುದಿಲ್ಲ. ಬದಿಯಡ್ಕ, ಮುಳ್ಳೇರಿಯ ಕಡೆ 500 ವೋಲ್ಟಿನ ಮೆಗ್ಗರ್ (ವಯರಿನ ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಇರುವ ಎಲೆಕ್ಟ್ರಿಷಿಯನ್ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಬಾಡಿಗೆ ಕೊಡುತ್ತೇನೆ. ಸಸಿಗಳು ಬಾಡುತ್ತಿವೆ, ಸ್ವಲ್ಪ ಬೇಗ ಹೇಳಿದರೆ ಉಪಕಾರ.