ಸಾಹುಕಾರನ್ನ ಕಂಡ್ರ ಮೈ ಉರೀಬೇಕು, ಗಂಡ-ಹೆಂಡ್ತೀನ ಕಂಡ್ರ ಜೀವ ಮರುಗಬೇಕು: ಈ ಎರಡು ದೃಶ್ಯ ಹೆಂಗ ಕಟ್ಟೋದು?

ಇಳಕಲ್_ದಡಿ ಕೇಳಿದ್ದು:

ಇಳಕಲ್ಲಿನ ನೇಕಾರರ ಮನಿಯೊಳಗ ನಡಿಯೋ 12 ನಿಮಿಷದ ಕಿರುಚಿತ್ರ. ಸ್ಕ್ರಿಪ್ಟ್ ಮುಗದೈತಿ, ಮುಂದಿನ ತಿಂಗಳ ಶೂಟಿಂಗ್. ಇಡೀ ಚಿತ್ರ ಎರಡ ದೃಶ್ಯದ ಮ್ಯಾಲ ನಿಂತೈತಿ.

ಒಂದು, ಗಂಡ-ಹೆಂಡತಿ ಪ್ರೀತಿ. ಬಾದಾಮಿ ಅಗಸ್ತ್ಯ ತೀರ್ಥದ ಮೆಟ್ಟಲ ಮ್ಯಾಲ ಇಬ್ಬರೂ ಕುಂತು ಮಾತಾಡ್ತಾರ, 2 ನಿಮಿಷ. ಎರಡು, ಸಾಲ ಕೊಟ್ಟ ಸಾಹುಕಾರ ಮನಿಗೆ ಬರ್ತಾನ, ನೇಕಾರನ ಕಪಾಳಕ್ಕ ಹೊಡಿತಾನ, ಮಗ್ಗಕ್ಕ ಬೆಂಕಿ ಹಚ್ಚಸ್ತಾನ. ಓದಿ ಹೇಳಿದ್ರ ಕೇಳಿದವರು "ಚಲೋ ಐತಿ" ಅಂತಾರ, ಆದ್ರ ಯಾರಿಗೂ ಸಿಟ್ಟು ಬರವಲ್ತು.

ಇರೋ ಸಾಮಾನು: ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಒಂದು, 24 ಮತ್ತ 50 ಎಂ.ಎಂ. ಲೆನ್ಸ್, ಲೇಪಲ್ ಮೈಕ್, ಸಣ್ಣ ಎಲ್‌ಇಡಿ ಪ್ಯಾನೆಲ್. ಸಾಹುಕಾರನ ಪಾತ್ರಕ್ಕ ಕಂಪನಿ ನಾಟಕದ ಹಿರಿಯ ಕಲಾವಿದರು ಒಪ್ಪ್ಯಾರ. ಎಲ್ಲಿ ಏನು ಬದಲಿ ಮಾಡಬೇಕು?

ಹುನಗುಂದ_ಕಥಿ:

ಬೆಂಕಿ, ಕಪಾಳಕ್ಕ ಹೊಡಿಯೋದು ಎರಡೂ ತಗದ ಹಾಕ್ರಿ. ಕ್ರೌರ್ಯ ದೊಡ್ಡದಾದಷ್ಟೂ ನೋಡಾಂವ "ಇದು ಸಿನಿಮಾ" ಅಂತ ಹಿಂದ ಸರದು ಕುಂದರತಾನ. ಮಗ್ಗ ಸುಟ್ಟದ್ದನ್ನ ಕಣ್ಣಾರೆ ಕಂಡವರು ಎಷ್ಟ ಮಂದಿ? ಕಾಲಾಗಿನ ಚಪ್ಪಲಿ ಬಿಡದನ ಒಳಗ ಬಂದ ದೊಡ್ಡ ಮನಷ್ಯಾನ್ನ ಎಲ್ಲಾರೂ ಕಂಡಾರ. ಸಣ್ಣ ಅವಮಾನಕ್ಕ ನೋಡುಗರ ಹತ್ರ ತಮ್ಮದ ನೆನಪು ಇರತೈತಿ, ದೊಡ್ಡ ಕ್ರೌರ್ಯಕ್ಕ ಇರಂಗಿಲ್ಲ.

ಸಾಹುಕಾರ ಏನು ಮಾಡಿದ ಅನ್ನೋದಕ್ಕಿಂತ ಯಾವುದರ ಮ್ಯಾಲ ಕೈ ಹಾಕಿದ ಅನ್ನೋದು ಮುಖ್ಯ. ಆ ವಸ್ತುವಿನ ಮ್ಯಾಲ ನೋಡುಗರಿಗೆ ಅಷ್ಟೊತ್ತಿಗೆ ಜೀವ ಹತ್ತಿರಬೇಕು. ನಿಮ್ಮ ಸ್ಕ್ರಿಪ್ಟಿನ್ಯಾಗ ಪ್ರೀತಿ ಬಾದಾಮಿಯೊಳಗೈತಿ, ಸಿಟ್ಟು ಇಳಕಲ್ಲದಾಗ ಐತಿ. ಒಂದಕ್ಕೊಂದು ಕೊಂಡೀನ ಇಲ್ಲ.

ಕೊಂಡಿ ಹಾಕೂದನ್ನ ಪ್ರೀತಿಯ ದೃಶ್ಯ ಮಾಡ್ರಿ. ಇಳಕಲ್ ಸೀರಿಯ ಮೈ ಹಾಸು (ಮಗ್ಗದಾಗ ಉದ್ದಕ್ಕ ಹಾಸಿದ ಎಳಿ) ಬ್ಯಾರೆ, ಸೆರಗಿನ ರೇಷ್ಮಿ ಹಾಸು ಬ್ಯಾರೆ. ಎರಡನ್ನೂ ಎಳಿ ಎಳಿ ಕುಣಿಕಿ ಹಾಕಿ ಕೂಡಸೋದ ಈ ಕೊಂಡಿ, ಇಳಕಲ್ಲಿನ ಹೆಸರುವಾಸಿ ಕೆಲಸ. ಆಕಿ ಕುಣಿಕಿ ಹಾಕಾಕತ್ತಾಳ. ಬೆಳಕು ಸಾಲವಲ್ತು, ಕಣ್ಣು ಕಿರಿದು ಮಾಡ್ತಾಳ. ಅಂವ ಮಾತಾಡದ ಎದ್ದು, ತೂಗಬಿಟ್ಟ ಬಲ್ಬಿನ ವಾಯರ್ ಎಳದು ಆಕಿ ಕಡೆ ಮೊಳಿಗೆ ಸಿಗಿಸಿ ಮತ್ತ ಬಂದು ಕುಂದರತಾನ. ಆಕಿ ತಲಿ ಎತ್ತಂಗಿಲ್ಲ, ಬೆರಳು ಮಾತ್ರ ಜೋರಾಗತಾವ. ಒಂದು ಎಳಿ ಜಾರತೈತಿ, ಇಬ್ಬರೂ ಒಮ್ಮೆಲೇ ಕೈ ಚಾಚತಾರ. ಇಷ್ಟ ಸಾಕು. ಇದರಾಗ "ಪ್ರೀತಿ" ಅನ್ನೋ ಶಬ್ದ ಒಂದೂ ಬರಬಾರದು. ಬಾದಾಮಿ ಬ್ಯಾಡ, ಸಂರಕ್ಷಿತ ಸ್ಮಾರಕದಾಗ ಚಿತ್ರೀಕರಣಕ್ಕ ಪುರಾತತ್ವ ಇಲಾಖೆಯ ಅನುಮತಿ ತಗೊಳ್ಳೋ ತಾಪತ್ರಯನೂ ತಪ್ಪತೈತಿ.

ಸಾಹುಕಾರ ಅದ ಮಗ್ಗದ ಮುಂದ ಬಂದು ನಿಲ್ಲಲಿ. ಎಲಿ ಮಡಚಿ ಬಾಯಿಗೆ ಹಾಕ್ಕೊತಾನ. ಬೆರಳ ತುದಿಗೆ ಸುಣ್ಣ ಉಳದೈತಿ. ಸುತ್ತ ಒಮ್ಮೆ ನೋಡಿ, ಕೈಗೆ ಹತ್ರ ಇದ್ದ ಆ ಕೆಂಪು ಸೆರಗಿಗೆ ಒರಸ್ತಾನ. ಒರಸಿದ್ದರ ಕಡೆ ಕಣ್ಣೂ ಹಾಯಸಂಗಿಲ್ಲ, ಬಡ್ಡಿ ಲೆಕ್ಕ ಮುಂದುವರಸ್ತಾನ. ಅವನಿಗೆ ಕೇಡು ಮಾಡೋ ಉದ್ದೇಶವೂ ಇಲ್ಲ, ಒರಸಾಕ ಏನೋ ಒಂದು ಅರಿವಿ ಸಿಕ್ತು. ಮೈ ಉರಸೋದು ಆ ಲಕ್ಷ್ಯ ಇಲ್ಲದ ಕೈ. ಇನ್ನೊಂದು: ಸಾಲದ ಲೆಕ್ಕ ಪೂರಾ ಸರಿ ಇರಲಿ, ಸುಳ್ಳ ಕಾಗದ ಗಿಗದ ತರಬ್ಯಾಡ್ರಿ. ಮೋಸಗಾರನ್ನ ಪೊಲೀಸ್ರು ಹಿಡಿತಾರ ಅಂತ ನೋಡುಗರು ಸಮಾಧಾನ ಮಾಡ್ಕೊತಾರ. ಲೆಕ್ಕ ಸರಿ ಇದ್ದಾಂವಗ ಉತ್ತರಾನ ಇರಂಗಿಲ್ಲ.

ಬೆಳಕಿಂಡಿ:

ಮೇಲಿನ ಮಾತಿಗೆ ಒಪ್ಪಿಗೆ. ಕ್ಯಾಮೆರಾ ಬಗ್ಗೆ ಹೇಳುತ್ತೇನೆ.

ಕುಣಿಮಗ್ಗದಲ್ಲಿ ನೇಕಾರ ಕಾಲನ್ನು ಕುಣಿಯೊಳಗೆ ಬಿಟ್ಟು ನೆಲಮಟ್ಟದಲ್ಲಿ ಕೂರುತ್ತಾನೆ. ಅವನ ಕಣ್ಣು ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಎರಡೂ ದೃಶ್ಯಕ್ಕೆ ಟ್ರೈಪಾಡ್ ಅದೇ ಎತ್ತರಕ್ಕಿರಲಿ. ಎಚ್ಚರ ಬೇಕಾದದ್ದು ಮುಂದೆ: ಆ ಎತ್ತರದಿಂದ ನಿಂತವನ ಮುಖಕ್ಕೆ ಕ್ಯಾಮೆರಾ ಎತ್ತಿದರೆ ಸಾಹುಕಾರ ಹೀರೋ ಆಗಿಬಿಡುತ್ತಾನೆ. ಕೆಳಗಿನಿಂದ ಮೇಲೆ ನೋಡುವ ಶಾಟನ್ನು ನಮ್ಮ ಕಮರ್ಷಿಯಲ್ ಸಿನಿಮಾಗಳು ನಾಯಕನ ಎಂಟ್ರಿಗೇ ಬಳಸಿ ಬಳಸಿ, ಅದನ್ನು ಕಂಡ ಕೂಡಲೇ ಶಿಳ್ಳೆ ಹೊಡೆಯುವುದು ಪ್ರೇಕ್ಷಕರಿಗೆ ರೂಢಿಯಾಗಿದೆ. ಹಾಗಾಗಿ ಕ್ಯಾಮೆರಾ ಎತ್ತಬೇಡಿ, ಫ್ರೇಮ್ ನೆಟ್ಟಗಿರಲಿ. ಚಪ್ಪಲಿ, ಧೋತರದ ಅಂಚು, ಎಲೆಯ ಚೀಲ, ಕೈ ಮಾತ್ರ ಕಾಣಲಿ. ಸೆರಗಿಗೆ ಸುಣ್ಣ ಒರೆಸಲು ಬಾಗಿದಾಗ ಮುಖ ತಾನಾಗಿ ಫ್ರೇಮಿಗೆ ಇಳಿಯುತ್ತದೆ. ಅಲ್ಲಿಯವರೆಗೆ ಮುಖ ಬೇಡ.

ಕೊಂಡಿಯ ಕ್ಲೋಸಪ್‌ಗೆ 50 ಎಂ.ಎಂ. ಹಾಕಿ, ಆದರೆ ಹಿನ್ನೆಲೆ ಮಸುಕಾಗಲಿ ಎಂದು ಅಪರ್ಚರ್ (ಲೆನ್ಸಿನ ಬೆಳಕಿನ ಕಂಡಿ) ಎಫ್ 2ಕ್ಕೆ ತೆರೆಯಬೇಡಿ. ಮೂರಡಿ ದೂರದಲ್ಲಿ ಫೋಕಸ್ ಸಿಗುವುದು ಸುಮಾರು ಒಂದೂವರೆ ಇಂಚಿನ ಆಳಕ್ಕೆ ಮಾತ್ರ. ಬೆರಳು ಅಲ್ಲಾಡಿದರೆ ಎಳೆ ಮಸುಕು. 5.6ಕ್ಕೆ ನಾಲ್ಕು ಇಂಚಿನ ಆಸುಪಾಸು ಸಿಗುತ್ತದೆ, ಎರಡು ಕೈ ಆಡಲು ಅಷ್ಟು ಸಾಕು. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಅದಕ್ಕೆ ಹೊಂದದ ಶಟರ್‌ನಲ್ಲಿ ಅಗ್ಗದ ಎಲ್‌ಇಡಿ ಬಲ್ಬು, ಟ್ಯೂಬ್‌ಲೈಟ್ ಮಿಣುಕುವ ಸಾಧ್ಯತೆ ಹೆಚ್ಚು. ಎಡಿಟಿಂಗ್‌ನಲ್ಲಿ ಅದನ್ನು ತೆಗೆಯುವುದು ಬಲು ಕಷ್ಟ.

ಮಾಳಿಗೆ ಮನೆಯಾದರೆ ಮೇಲ್ಛಾವಣಿಯ ಬೆಳಕಿಂಡಿಯನ್ನೇ ಮುಖ್ಯ ಬೆಳಕು ಮಾಡಿಕೊಳ್ಳಿ, ಮಧ್ಯಾಹ್ನ 12ರ ಸುಮಾರು ಮಾತ್ರ ಬಿಟ್ಟುಬಿಡಿ. ಬಾಗಲಕೋಟೆಯ ಅಕ್ಷಾಂಶದಲ್ಲಿ ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ಆಸುಪಾಸು ಸೂರ್ಯ ನೆತ್ತಿಗೇ ಬರುತ್ತಾನೆ. ಕಣ್ಣಿನ ಗುಳಿ ಕಪ್ಪಾಗಿ ಮುಖದ ಭಾವವೇ ಕಾಣುವುದಿಲ್ಲ. ಬೆಳಿಗ್ಗೆ 9ರಿಂದ 10:30 ಒಳ್ಳೆಯದು. ಬಿಳಿ ಪಂಜೆಯನ್ನು ಎರಡು ಪದರ ಮಾಡಿ ಕಿಂಡಿಗೆ ಕಟ್ಟಿ, ಎದುರು ಬದಿಗೆ ಥರ್ಮೋಕೋಲ್ ಹಾಳೆ ನಿಲ್ಲಿಸಿ. ಸಾಹುಕಾರನ ದೃಶ್ಯಕ್ಕೆ ಆ ಥರ್ಮೋಕೋಲ್ ತೆಗೆಯಿರಿ, ಅಷ್ಟೇ ಬದಲಾವಣೆ. ಲೈಟಿಗೆ ಹಾಕುವ ಕೆಂಪು ಹಾಳೆ (ಜೆಲ್), ಹೊಗೆ ಯಾವುದೂ ಬೇಡ.

ಸಣ್ಣಾಟ_ಬೈಲಹೊಂಗಲ:

ಮುಖಾನ ತೋರಸಬ್ಯಾಡ್ರಿ ಅನ್ನೋದಕ್ಕ ನನ್ನ ತಕರಾರು ಐತಿ. ಕಂಪನಿ ನಾಟಕದ ಹಿರಿಯರನ್ನ ಕರಕೊಂಡು ಬಂದು ಬರೇ ಕಾಲು ತೋರಿಸಿದ್ರ ಅವರ ವಿದ್ಯಾ ವ್ಯರ್ಥ. ಬರೂವಾಗ ಕಾಲು ಕಾಣಲಿ, ಎಲಿ ಮಡಚೋ ಹೊತ್ತಿಗೆ ಅವರನ್ನ ಮಗ್ಗದ ಅಂಚಿಗೆ ಕುಂದರಸ್ರಿ. ಕಣ್ಣು ನೇಕಾರನ ಮಟ್ಟಕ್ಕ ಬರತೈತಿ, ಹೀರೋ ಆಗೋ ಭಯಾನೂ ಇಲ್ಲ.

ಆದ್ರ ತಯಾರಿ ಬೇಕ ಬೇಕು. ರಂಗದ ಮ್ಯಾಲ ಕಡೀ ಸಾಲಿನಾಗ ಕುಂತಾಂವಗ ಮುಟ್ಟಬೇಕಂತ ಹುಬ್ಬು, ದನಿ, ಕೈ ಎಲ್ಲಾ ದೊಡ್ಡದು ಮಾಡಿ ರೂಢಿ ಇರತೈತಿ. ಕ್ಯಾಮೆರಾ ಮೂರಡಿಯೊಳಗ ಇದ್ದಾಗ ಅದು ಹಾಸ್ಯ ಆಗತೈತಿ. "ಕಡಿಮಿ ಮಾಡ್ರಿ" ಅಂತ ಹೇಳಬ್ಯಾಡ್ರಿ, ಅವರಿಗೆ ಕಡಿಮಿ ಅಂದ್ರ ಸಪ್ಪಗ ಅಂತನ ತಿಳಿತೈತಿ. ಕೈಗೆ ಕೆಲಸ ಕೊಡ್ರಿ. ಅಡಕಿ ಕತ್ತರಸೋದು, ಎಲಿಯ ನಾರು ತಗಿಯೋದು, ಸುಣ್ಣ ಹಚ್ಚೋದು, ಇವೆಲ್ಲ ನಡದಾಗ ಮಾತು ತಾನ ಸಣ್ಣ ದನಿಗೆ ಬರತೈತಿ. ಮಾತು ಎಂಟು-ಹತ್ತು ವಾಕ್ಯಕ್ಕ ಮುಗಿಯಲಿ. "ತಂಗಿ", "ತಮ್ಮಾ" ಅಂತ ಮೆತ್ತಗ ಮಾತಾಡಲಿ. ನಗು ಒಂದೂ ಬ್ಯಾಡ. ನಗೋ ಖಳನಾಯಕನ್ನ ಮಂದಿ ಒಳಗೊಳಗ ಮೆಚ್ಚತಾರ.

1974ರಾಗ ನಿರ್ದೇಶಕ ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ ಬಂದ ಮ್ಯಾಲ ಕನ್ನಡದಾಗ ಬಡ್ಡಿ ಸಾಹುಕಾರ ಅಂದ್ರ ಎಂ.ಪಿ. ಶಂಕರ್ ಮಾಡಿದ ಭೂತಯ್ಯನ ಕಣ್ಣಿಗೆ ಬರ್ತಾನ. ನಿಮ್ಮ ಕಲಾವಿದರಿಗೂ ಅದ ನೆನಪಾಗಿ ಅದ ದಾರಿ ಹಿಡಿಯೋ ಸಂಭವ ಐತಿ. ಮೊದಲನ ಮಾತಾಡಿ ಬಿಡ್ರಿ: ಇಲ್ಲಿ ಬೇಕಾಗಿರೋದು ಗರ್ಜನೆ ಅಲ್ಲ, ಬ್ಯಾಸರ. ಎಂಟನೇ ಮನಿ ವಸೂಲಿ ಮುಗಿಸಿ ಒಂಬತ್ತನೇ ಮನಿಗೆ ಬಂದ ಮನಷ್ಯಾನ ಬ್ಯಾಸರ.

ಪ್ರೀತಿಯ ದೃಶ್ಯದಾಗ ಒಂದು ಪರೀಕ್ಷಾ ಮಾಡ್ರಿ. ಆಕಿ "ಬ್ಯಾಡ" ಅಂದಿದ್ರ ದೃಶ್ಯ ಅಲ್ಲಿಗೆ ನಿಲ್ತಿತ್ತೇನು? ನಿಲ್ತಿತ್ತು ಅಂದ್ರ ಅದು ಪ್ರೀತಿ. ಆಕಿ ಬ್ಯಾಡ ಅಂದರೂ ಬೆನ್ನ ಹತ್ತಿ, ಕೈ ಹಿಡದು, ಹಾಡು ಹಾಡಿ ಒಪ್ಪಸೋ ದೃಶ್ಯಗಳನ್ನ ಪ್ರೀತಿ ಅಂತ ಬರದಿದ್ರು, ಈಗಿನ ಹುಡುಗ್ಯಾರು ಅದನ್ನ ನೋಡಿ ನಾಯಕನ್ನ ದ್ವೇಷ ಮಾಡ್ತಾರ, ಮಾಡೋದು ಸರಿನೂ ಐತಿ.

ಗುಮ್ಮಟ_ಸದ್ದು:

ವಿಜಯಪುರದಿಂದ. ಸದ್ದು ಮತ್ತು ಸಂಕಲನದ ಬಗ್ಗೆ.

ನಿಮ್ಮ ಚಿತ್ರಕ್ಕೆ ಮಗ್ಗದ ಸದ್ದೇ ಸಂಗೀತ. ಶೂಟಿಂಗ್ ದಿನ ಕಲಾವಿದರು ಬರುವ ಮೊದಲೇ ಮಗ್ಗವನ್ನು ಎರಡು ನಿಮಿಷ ಬಿಡದೆ ಓಡಿಸಿ ರೆಕಾರ್ಡ್ ಮಾಡಿ. ಆಮೇಲೆ ಎಲ್ಲರೂ ಸುಮ್ಮನಿದ್ದು ಖಾಲಿ ಕೋಣೆಯ ಸದ್ದು ಒಂದು ನಿಮಿಷ. ಇದನ್ನು ಬಿಟ್ಟರೆ ಎಡಿಟಿಂಗ್‌ನಲ್ಲಿ ಮೌನ ಬೇಕಾದ ಕಡೆ ಸದ್ದು ಪೂರ್ತಿ ಸತ್ತು, ನೋಡುವವರು ಸ್ಪೀಕರ್ ಕೆಟ್ಟಿತೇನೋ ಎಂದುಕೊಳ್ಳುತ್ತಾರೆ. ರೆಕಾರ್ಡಿಂಗ್ ಮೀಟರಿನಲ್ಲಿ ಮಾತಿನ ಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸು ಇರಲಿ, ಮೈನಸ್ 6 ದಾಟದಿರಲಿ. ಬರೀ ಗೋಡೆಯ ಕೋಣೆಯಲ್ಲಿ ಮಾತು ಮರುದನಿಗೊಡುತ್ತದೆ. ಮರುದನಿ ಗೋಳಗುಮ್ಮಟದಲ್ಲಿ ಚೆಂದ, ಸಂಭಾಷಣೆಯಲ್ಲಿ ಅಲ್ಲ. ಕ್ಯಾಮೆರಾದ ಹಿಂದೆ ಮೂರು-ನಾಲ್ಕು ದಪ್ಪ ಕೌದಿ ಹಗ್ಗಕ್ಕೆ ಹಾಕಿ. ಪಕ್ಕದ ಮನೆಯ ಪವರ್‌ಲೂಮ್ ನಿಲ್ಲಿಸಲು ಮೊದಲೇ ಕೇಳಿಕೊಳ್ಳಿ, ಆ ಸದ್ದು ಮಾತಿನ ಜೊತೆ ಬೆರೆತರೆ ಬಿಡಿಸಲು ಬರುವುದಿಲ್ಲ.

ಸಾಹುಕಾರನ ಚಪ್ಪಲಿಯ ಸದ್ದು, ಅವನು ಕಾಣುವ ಎರಡು ಸೆಕೆಂಡ್ ಮೊದಲೇ ಕೇಳಲಿ. ಮಗ್ಗ ಆಗಲೇ ನಿಲ್ಲಬಾರದು. ಲಾಳಿ ಇನ್ನೆರಡು ಸಲ ಓಡಲಿ, ಮೂರನೆಯದು ಅರ್ಧಕ್ಕೆ ನಿಲ್ಲಲಿ. ಹಿನ್ನೆಲೆ ಸಂಗೀತ ಇಟ್ಟೇ ಇಡುತ್ತೀರಾದರೆ ಸುಣ್ಣ ಒರೆಸಿ ಕನಿಷ್ಠ ನಾಲ್ಕು ಸೆಕೆಂಡ್ ಆದ ಮೇಲೆ. ಮೊದಲೇ ಪಿಟೀಲು ಶುರುವಾದರೆ, ಏನು ಅನಿಸಬೇಕೆಂದು ನೀವೇ ಹೇಳಿಕೊಟ್ಟಂತೆ. ಹೇಳಿಕೊಟ್ಟ ಸಿಟ್ಟು ಯಾರಿಗೂ ಬರುವುದಿಲ್ಲ.

ಇನ್ನು ಕಟ್. ಸುಣ್ಣ ಒರೆಸಿದ ಕೈ ಒಂದೂವರೆ ಸೆಕೆಂಡ್ ಸಾಕು. ಅಲ್ಲಿಂದ ಹೆಂಡತಿಯ ಮುಖಕ್ಕೆ ಹೋಗಿ ಐದು ಸೆಕೆಂಡ್ ನಿಲ್ಲಿ, ಅಂದರೆ 125 ಫ್ರೇಮ್. ಆಕೆ ಅಳಬಾರದು. ಸೆರಗಿನ ಕಡೆ ನೋಡಿ ಗಂಡನ ಕಡೆ ನೋಡಲಿ, ಅಷ್ಟೇ. ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೋವ್ ನೂರು ವರ್ಷದ ಹಿಂದೆಯೇ ಇದನ್ನು ತೋರಿಸಿಕೊಟ್ಟರು: ನಟನೊಬ್ಬನ ಒಂದೇ ನಿರ್ಭಾವ ಮುಖವನ್ನು ಸೂಪಿನ ತಟ್ಟೆ, ಶವಪೆಟ್ಟಿಗೆ, ಹೆಂಗಸು, ಹೀಗೆ ಬೇರೆ ಬೇರೆ ಚಿತ್ರದ ಪಕ್ಕ ಜೋಡಿಸಿದರೆ ನೋಡುವವರೇ ಅದರಲ್ಲಿ ಹಸಿವು, ದುಃಖ, ಆಸೆ ತುಂಬಿಕೊಳ್ಳುತ್ತಾರೆ. ಹೆಂಡತಿಯೇ ಅತ್ತರೆ ನೋಡುವವರಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ತೋರಿಸದಿರುವುದರ ಬಲಕ್ಕೆ 1975ರ ‘ಶೋಲೆ’ ನೋಡಿ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ್ದು. ಗಬ್ಬರ್ ಠಾಕೂರನ ಮನೆಯ ಪುಟ್ಟ ಹುಡುಗನ ಮುಂದೆ ಬಂದೂಕು ಹಿಡಿದು ನಿಲ್ಲುತ್ತಾನೆ. ಗುಂಡು ತಾಗಿದ್ದನ್ನು ತೋರಿಸದೆ ದೃಶ್ಯ ರೈಲಿಗೆ ಕಟ್ ಆಗುತ್ತದೆ. ಅಷ್ಟು ರಕ್ತಪಾತ ಇರುವ ಚಿತ್ರದಲ್ಲಿ ಅತಿ ಹೆಚ್ಚು ದ್ವೇಷ ಹುಟ್ಟಿಸುವುದು ಕಾಣದೇ ಹೋದ ಆ ಗುಂಡು.

ಇಳಕಲ್_ದಡಿ:

ಬಾದಾಮಿ ಮತ್ತ ಬೆಂಕಿ ಎರಡೂ ತಗದೆ. ಸಾಹುಕಾರನ್ನ ಮಗ್ಗದ ಅಂಚಿಗೆ ಕುಂದರಸೋದೂ ಖರೆ ಅನಸ್ತು. ಒಂದ ಪ್ರಶ್ನೆ ಉಳದೈತಿ: ನೇಯೋ ಮನಿಯವರ ಖರೇ ಸೆರಗಿಗೆ ಸುಣ್ಣ ಹಚ್ಚಾಕ ಬರಂಗಿಲ್ಲ. ಹೆಂಗ ಮಾಡೋದು?

ಹುನಗುಂದ_ಕಥಿ:

ಖರೇ ಸುಣ್ಣ ಮುಟ್ಟಸಲೇಬ್ಯಾಡ್ರಿ. ಸುಣ್ಣ ಕ್ಷಾರ, ರೇಷ್ಮಿ ಎಳಿ ಅದರಿಂದ ಹಾಳಾಗತೈತಿ. ಅಕ್ಕಿ ಹಿಟ್ಟಿಗೆ ನೀರು ಹಾಕಿ ಗಟ್ಟಿ ಮಾಡ್ಕೋರಿ, ಕ್ಯಾಮೆರಾಕ್ಕ ಸುಣ್ಣದಂಗನ ಕಾಣತೈತಿ. ನೇಕಾರರ ಹತ್ರ ಕತ್ತರಿಸಿ ಉಳದ ಕೆಂಪು ಸೆರಗಿನ ತುಂಡು ಕೇಳಿ, ರೊಕ್ಕ ಕೊಟ್ಟು ತಗೋರಿ. ಒಂದ ಅಳತಿಯ ಐದಾರು ತುಂಡು ಬೇಕು. ಒಂದು ಟೇಕ್‌ಗೆ ಒಂದು ತುಂಡು, ಒರಸಿ ತೊಳದು ಮತ್ತ ಬಳಸಿದ್ರ ಹಸಿ ಕಲಿ ಮುಂದಿನ ಶಾಟಿನ್ಯಾಗ ಎದ್ದು ಕಾಣತೈತಿ. ತುಂಡನ್ನ ಮಗ್ಗದ ಮ್ಯಾಲಿನ ಖರೇ ನೇಯ್ಗಿಗೆ ತೆಳು ಪ್ಲಾಸ್ಟಿಕ್ ಹಾಳಿ ಹಾಸಿ ಅದರ ಮ್ಯಾಲ ಇಡ್ರಿ, ಅಂಚಿಗೆ ಸಣ್ಣ ಹೊಲಿಗಿ ಹಾಕ್ರಿ, ಟೇಪ್ ಹಚ್ಚಬ್ಯಾಡ್ರಿ, ಬೆಳಕಿಗೆ ಹೊಳಿತೈತಿ. ಎಲಿ-ಅಡಕಿ ಮಾತ್ರ ಖರೇನ ಇರಲಿ, ಮೊದಲನೇ ಟೇಕಿನಿಂದ ಕಡೀ ತನಕ ಬಾಯಿ ಕೆಂಪು ಒಂದ ಮಟ್ಟದಾಗ ಇರೂವಂಗ ಪ್ರತಿ ಟೇಕ್‌ಗೂ ಮೊಬೈಲಿನ್ಯಾಗ ಒಂದು ಫೋಟೋ ತಗದ ಇಟ್ಕೋರಿ.